ಕೈ ನೀಡಿ ಕೂರುವ ಕೋಣೆ

ದಾಂಡೇಲಿ ಪೇಟೆಯ ಬ್ಯೂಟಿ ಪಾರ್ಲರುಗಳು ಹೆಚ್ಚಾಗಿ ಮಾಳಿಗೆಯ ಮೇಲಿರುತ್ತವೆ. ಕೆಳಗೆ ಮೊಬೈಲ್ ಅಂಗಡಿ, ಬೇಕರಿ, ಔಷಧಿ ಅಂಗಡಿ. ಪಕ್ಕದಲ್ಲೊಂದು ಇಕ್ಕಟ್ಟಿನ ಮೆಟ್ಟಿಲು; ಮೇಲಿನಿಂದ ಯಾರಾದರೂ ಇಳಿದು ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ಹತ್ತಿ ಹೋದರೆ ಗಾಜಿನ ಬಾಗಿಲು, ಒಳಗಿದ್ದವರು ಕಾಣದಂತೆ ಅಂಟಿಸಿದ ಮಬ್ಬು ಸ್ಟಿಕರ್, ‘ಮಹಿಳೆಯರಿಗೆ ಮಾತ್ರ’ ಎಂಬ ಬರಹ. ಒಳಗಿನ ಕೋಣೆ ಹತ್ತಡಿಗೆ ಹನ್ನೆರಡಡಿ ಇದ್ದರೆ ಹೆಚ್ಚು. ಒಂದು ಗೋಡೆಯ ತುಂಬ ಕನ್ನಡಿ, ಅದರ ಸುತ್ತ ಕಣ್ಣು ಕುಕ್ಕುವ ಬಿಳಿ ಬಲ್ಬುಗಳು. ಇನ್ನೊಂದು ಗೋಡೆಗೆ ಗಾಢ ಗುಲಾಬಿ ಬಣ್ಣ. ಕಪಾಟಿನಲ್ಲಿ ನೇಲ್ ಪಾಲಿಶ್ ಬಾಟಲಿಗಳು ಸಾಲುಗಟ್ಟಿವೆ. ಮೂಲೆಯಲ್ಲಿ ದೇವರ ಫೋಟೊ, ಅದರ ಮುಂದೆ ಬೆಳಿಗ್ಗೆ ಹಚ್ಚಿದ ಊದಿನಕಡ್ಡಿಯ ಬೂದಿ. ಕಿಟಕಿ ಇದೆ, ಆದರೆ ಅದಕ್ಕೆ ದಪ್ಪ ಪರದೆ, ಪರದೆಯ ಹಿಂದೆ ಮುಚ್ಚಿದ ಗಾಜು. ರಸ್ತೆಯವರ ಕಣ್ಣು ಒಳಗೆ ಬೀಳಬಾರದಲ್ಲ.

ಉಗುರಿನ ಕೆಲಸ ಈ ಕೋಣೆಯೊಳಗೆ ಬಂದು ಸೇರಿಕೊಂಡದ್ದು ಈಚೆಗೆ. ಹುಬ್ಬು ತಿದ್ದುವುದು, ಫೇಶಿಯಲ್, ಮದುಮಗಳ ಅಲಂಕಾರ ಮೊದಲಿನಿಂದಲೂ ಇದ್ದವು. ಈಗ ಅವುಗಳ ಪಕ್ಕದಲ್ಲಿ ಜೆಲ್ ಪಾಲಿಶ್, ಉಗುರಿಗೆ ಉಗುರು ಜೋಡಿಸುವ ಎಕ್ಸ್‌ಟೆನ್ಶನ್. ಕೆಲಸ ಬಂತು, ಕೋಣೆ ಬದಲಾಗಲಿಲ್ಲ. ಹುಬ್ಬು ತಿದ್ದಲು ಹತ್ತು ನಿಮಿಷ ಸಾಕು. ಉಗುರಿಗೆ ಒಂದು ಗಂಟೆಯೂ ಬೇಕು, ಎರಡು ಗಂಟೆಯೂ ಬೇಕು. ಅಷ್ಟು ಹೊತ್ತು ಇಬ್ಬರು ಹೆಂಗಸರು ಒಂದು ಗೇಣು ಅಗಲದ ಬೆಳಕಿನಲ್ಲಿ ತಲೆ ಬಗ್ಗಿಸಿ, ಒಬ್ಬರ ಕೈ ಇನ್ನೊಬ್ಬರ ಕೈಯೊಳಗೆ ಇಟ್ಟು ಕೂತಿರುತ್ತಾರೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಹೆಂಗಸರಿಗೆ ಹಗಲಿನಲ್ಲಿ ಹೀಗೆ ಕೈ ಕಟ್ಟಿ ಕೂರುವ ಒಂದು ಗಂಟೆ ಬೇರೆಲ್ಲಿ ಸಿಕ್ಕೀತು? ಆ ಗಂಟೆ ಕಳೆಯುವ ಕೋಣೆ ನೆಮ್ಮದಿಯದಾಗಿರಬೇಕು ಎಂಬುದು ನನ್ನ ಆಸೆ. ಅದಕ್ಕೆ ಬೇಕಾದದ್ದರಲ್ಲಿ ಹೆಚ್ಚಿನದು ಈ ನಾಲ್ಕು ತಾಲ್ಲೂಕುಗಳಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಕೈ ನೀಡಿ ಕೂರುವುದೇನೂ ನಮಗೆ ಹೊಸತಲ್ಲ. ಉಳವಿಯ ಜಾತ್ರೆಯಲ್ಲಿ ಬಳೆಯ ಸಾಲಿಗೆ ಹೋದವರಿಗೆ ಗೊತ್ತು. ಬಳೆಗಾರ ಎದುರಿಗೆ ಚಾಪೆಯ ಮೇಲೆ ಕೂತು, ಅಂಗೈ ಒತ್ತಿ, ಹೆಬ್ಬೆರಳ ಗಂಟನ್ನು ಒಳಕ್ಕೆ ಮಡಿಸಿ, ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸಿಬಿಡುತ್ತಾನೆ. ಕೈ ಬಿಗಿ ಹಿಡಿದರೆ ಬಳೆ ಒಡೆಯುತ್ತದೆ, ಆದ್ದರಿಂದ ಅವನ ಮೊದಲ ಕೆಲಸ ಕೈ ಸಡಿಲಾಗುವಂತೆ ಮಾಡುವುದು. ಉಗುರಿನ ಕೆಲಸದ ಹುಡುಗಿಯರೂ ಅದನ್ನೇ ಹೇಳುತ್ತಾರೆ.

“ಅಕ್ಕಾರ, ಕೈ ಸಡ್ಲ ಬಿಡ್ರಿ.”

“ಬಿಟ್ಟೇನಲ್ಲ ತಂಗಿ.”

“ಇಲ್ರೀ, ಬೆರಳ ಇನ್ನೂ ಬಿಗೀನ ಅದಾವು ನೋಡ್ರಿ.”

ರೊಟ್ಟಿ ಬಡಿದ, ಬಟ್ಟೆ ಹಿಂಡಿದ, ಕಡತ ಬರೆದ ಬೆರಳುಗಳು ಹೇಳಿದ ತಕ್ಷಣ ಸಡಿಲಾಗುವುದಿಲ್ಲ. ಕೋಣೆ ಒಂದಿಷ್ಟು ಕೈ ಹಿಡಿಯಬೇಕಾದದ್ದು ಇಲ್ಲೇ.

ಮೊದಲು ಗಾಳಿ. ಒಳಾಂಗಣದ ಮಾತು ಬಂದಾಗ ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ಉಗುರಿನ ಕೋಣೆಯಲ್ಲಿ ಅದು ತಪ್ಪು. ಹಳೆಯ ಬಣ್ಣ ಅಳಿಸುವ ಅಸಿಟೋನ್, ಪಾಲಿಶಿನ ದ್ರಾವಕಗಳು, ಅರದಿಂದ ಉಜ್ಜುವಾಗ ಏಳುವ ಹಿಟ್ಟಿನಂಥ ಧೂಳು, ಇವೆಲ್ಲ ಸೇರಿ ಮುಚ್ಚಿದ ಕೋಣೆಯನ್ನು ಅರ್ಧ ಗಂಟೆಯಲ್ಲಿ ತಲೆನೋವಿನ ಮನೆ ಮಾಡುತ್ತವೆ. ಅಸಿಟೋನಿನ ಆವಿ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಬಟ್ಟಲಿನಿಂದ ಹೊರಟದ್ದು ಮೇಜಿನ ಮಟ್ಟದಲ್ಲೇ, ಅಂದರೆ ಬಗ್ಗಿದ ಮುಖದ ಕೆಳಗೇ ಸುಳಿದಾಡುತ್ತದೆ. ಚಾವಣಿಯ ಫ್ಯಾನು ಅದನ್ನು ಹೊರಹಾಕುವುದಿಲ್ಲ, ಕೋಣೆಯೆಲ್ಲ ಹರಡುತ್ತದೆ. ಗೋಡೆಯ ತುದಿಯಲ್ಲಿ ಕೂರಿಸಿದ ಎಕ್ಸಾಸ್ಟ್ ಫ್ಯಾನೂ ಆವಿಯನ್ನು ಇಬ್ಬರ ಮೂಗಿನ ಮುಂದಿನಿಂದಲೇ ಮೇಲಕ್ಕೆ ಎಳೆಯುತ್ತದೆ. ಹೀರುವ ಬಾಯಿ ಮೇಜಿನ ಮೇಲೆ, ಕೈ ಇಡುವ ಜಾಗದ ಪಕ್ಕದಲ್ಲೇ ಇರಬೇಕು. ಅಲ್ಲಿಂದ ಒಂದು ಕೊಳವೆ ನೇರ ಹೊರಗೋಡೆಗೆ. ಎದುರು ಗೋಡೆಯ ಕಿಟಕಿ ತೆರೆದಿರಬೇಕು, ಹೊರಹೋದಷ್ಟು ಗಾಳಿ ಒಳಗೆ ಬರಲು.

ಹಾಗಾದರೆ ಕಣ್ಣು ಬೀಳುವ ಮಾತು? ಕಿಟಕಿಯ ಕೆಳ ಅರ್ಧಕ್ಕೆ ಮಾತ್ರ ಮಬ್ಬು ಗಾಜು, ಮೇಲರ್ಧ ತೆರೆಯಬಲ್ಲ ತಿಳಿ ಗಾಜು. ರಸ್ತೆಯವರಿಗೆ ಏನೂ ಕಾಣದು, ಕೂತವಳಿಗೆ ಆಕಾಶ ಕಾಣುತ್ತದೆ. ದಾಂಡೇಲಿಯಲ್ಲಿ ಆ ಮೇಲರ್ಧದಲ್ಲಿ ಏನು ಕಾಣಬಹುದೆಂದು ನೆನೆದರೇ ಖುಷಿ: ಮಂಗಳೂರು ಹಂಚಿನ ಮಾಡುಗಳು, 1955ರಲ್ಲಿ ಹುಟ್ಟಿ ಈ ಊರನ್ನು ಊರು ಮಾಡಿದ ಕಾಗದದ ಮಿಲ್ಲಿನ ಚಿಮಣಿ, ಅದರಾಚೆ ಮರದ ತುದಿಗಳು. ಟಿಂಬರ್ ಡಿಪೋದ ಹಳೆಯ ಮರಗಳಿಗೆ ಮಲಬಾರ್ ಮಂಗಟ್ಟೆಗಳು ಬರುತ್ತವೆ. ಊರಿನ ನಡುವೆಯೇ ಇಷ್ಟು ದೊಡ್ಡ ಕೊಕ್ಕಿನ ಹಕ್ಕಿ ಹಾರಾಡುವ ಪೇಟೆ ನಮ್ಮ ರಾಜ್ಯದಲ್ಲಿ ಬಹಳವಿಲ್ಲ. ಆ ಹಕ್ಕಿ ಕಿಟಕಿ ದಾಟಿದಾಗ ಕೈ ನೀಡಿದವಳು ಕತ್ತೆತ್ತಿದರೆ ಒಂದು ಬೆರಳಿನ ಬಣ್ಣ ಕೆಡಬಹುದು. ಕೆಡಲಿ, ಇನ್ನೊಮ್ಮೆ ಹಚ್ಚಿದರಾಯಿತು.

ಗಾಳಿಯ ಜೊತೆಗೇ ಬೆಂಕಿಯ ಮಾತನ್ನೂ ಹೇಳಿಬಿಡಬೇಕು. ಅಸಿಟೋನ್ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ದೇವರ ಮುಂದಿನ ದೀಪವೂ ಊದಿನಕಡ್ಡಿಯೂ ಅದರ ಹತ್ತಿರ ಇರಕೂಡದು. ದೇವರನ್ನು ಹೊರಗಿಡಿ ಎಂದು ಯಾರಿಗೂ ಹೇಳಲಾರೆ. ಮೆಟ್ಟಿಲು ಮುಗಿದಲ್ಲಿ, ಬಾಗಿಲಿನ ಹೊರಗೆ, ಗೋಡೆಯಲ್ಲೊಂದು ಗೂಡು ಕೊರೆಸಿ ಅಲ್ಲಿ ದೀಪ ಇಡಬಹುದು. ಚಪ್ಪಲಿ ಬಿಡುವ ಜಾಗ ಅದರ ಎದುರು ಬದಿಗೆ. ಬಂದವರು ಹೊಸ್ತಿಲಿನಲ್ಲೇ ಕೈ ಮುಗಿದು ಬರಿಗಾಲಲ್ಲಿ ಒಳಗೆ ಬರುತ್ತಾರೆ.

ಈ ಗೂಡಿನ ಯೋಚನೆಗೆ ಮುಂಡಗೋಡದ ಋಣವಿದೆ. 1966ರಲ್ಲಿ ನೆಲೆಗೊಂಡ ಅಲ್ಲಿನ ಟಿಬೆಟನ್ ವಸಾಹತಿನಲ್ಲಿ ದ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಮರುಹುಟ್ಟು ಪಡೆದವು. ಟಿಬೆಟನ್ ಮಠಗಳಲ್ಲಿ ತುಪ್ಪದ ದೀಪಗಳ ಸಾಲಿಗೆ ಎಷ್ಟೋ ಕಡೆ ಬೇರೆಯದೇ ಕೋಣೆ ಇರುತ್ತದೆ. ಮಸಿ ಚಿತ್ರಗಳನ್ನು ತಿನ್ನಬಾರದು, ಬೆಂಕಿ ಸಭಾಂಗಣ ಮುಟ್ಟಬಾರದು ಎಂಬ ವಿವೇಕ. ಶಾಂತಿ ಬೇಕೆಂದು ಸಲೂನು, ಸ್ಪಾಗಳಲ್ಲಿ ಬುದ್ಧನ ತಲೆಯೊಂದನ್ನೇ ಫೈಬರಿನಲ್ಲಿ ಎರಕಹೊಯ್ದು ಗಾಜಿನ ಕಲ್ಲುಗಳ ಮೇಲೆ ಇಡುತ್ತಾರೆ. ಮುಂಡಗೋಡದಿಂದ ಒಂದೆರಡು ತಾಸಿನ ದಾರಿಯಲ್ಲಿರುವವರು ಹಾಗೆ ಮಾಡುವುದು ನನಗೆ ಸಂಕಟ ತರುತ್ತದೆ. ಸಾವಿರಾರು ಭಿಕ್ಷುಗಳು ದಿನವೂ ಎದುರಿಗೆ ತಲೆಬಾಗುವ ಮೂರ್ತಿಯನ್ನು ಕಾಲು ತೊಳೆಯುವ ಟಬ್ಬಿನ ಪಕ್ಕ ಅಲಂಕಾರಕ್ಕೆ ಇಡಬಾರದು. ಅಲ್ಲಿಂದ ತರಬೇಕಾದದ್ದು ಬೇರೆ ಇದೆ. ಪ್ರಾರ್ಥನಾ ಮಂದಿರದೊಳಗೆ ಹೋಗಿ ನಿಂತು ನೋಡಿ. ಕೆಂಪು, ಹಳದಿ, ನೀಲಿ, ಚಿನ್ನದ ಬಣ್ಣ. ಕಂಬ, ತೊಲೆ, ಗೋಡೆ ಎಲ್ಲೂ ಖಾಲಿ ಬಿಟ್ಟಿಲ್ಲ. ಆದರೂ ಒಳಗೆ ಹೋದ ಐದು ನಿಮಿಷಕ್ಕೆ ಉಸಿರು ತಗ್ಗುತ್ತದೆ. ಕೂರುವ ಸಾಲುಗಳು ನೆಲಕ್ಕೆ ಹತ್ತಿರ, ನೆಟ್ಟಗೆ. ಬೆಳಕು ಎತ್ತರದ ಕಿಟಕಿಗಳಿಂದ ಬಂದು ಮೆಲ್ಲಗೆ ಕೆಳಗಿಳಿಯುತ್ತದೆ. ಪ್ರತಿ ವಸ್ತುವಿಗೂ ಅದರದೇ ಜಾಗ, ಆ ಜಾಗದಲ್ಲಿ ಇನ್ನೊಂದು ಬರುವುದಿಲ್ಲ. ಮಾಸಲು ಬಣ್ಣ ಬಳಿದರೆ ಮಾತ್ರ ಶಾಂತಿ ಎಂದು ಒಳಾಂಗಣದ ಪತ್ರಿಕೆಗಳು ಹೇಳುವುದನ್ನು ನಾನು ನಂಬುವುದನ್ನು ಬಿಟ್ಟದ್ದು ಆ ಮಂದಿರಗಳಿಂದಲೇ.

ಆದರೂ ನಮ್ಮ ಕೋಣೆಯ ಗೋಡೆಗೆ ನಾನು ಸುಣ್ಣವನ್ನೇ ಆರಿಸುತ್ತೇನೆ. ಅದಕ್ಕೆ ಕಾರಣ ಮಳೆ. ಜೋಯಿಡಾ, ದಾಂಡೇಲಿಯ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಗೋಡೆಯನ್ನು ತಿಂಗಳುಗಟ್ಟಲೆ ಒದ್ದೆ ಇಡುತ್ತದೆ. ಪ್ಲಾಸ್ಟಿಕ್ ಬಣ್ಣ ಬಳಿದ ಗೋಡೆಯಲ್ಲಿ ತೇವ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ, ಮೂಲೆಗೆ ಬೂಸ್ಟು ಹಿಡಿಯುತ್ತದೆ. ಸುಣ್ಣ ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಗುಣಕ್ಕೆ ಬೂಸ್ಟು ಸುಲಭಕ್ಕೆ ಬೇರೂರುವುದಿಲ್ಲ. ಮೇಲಾಗಿ ಉಗುರಿನ ಬಣ್ಣ ನೋಡುವ ಕಣ್ಣಿಗೆ ಹಿಂದಿನ ಗೋಡೆ ಸುಮ್ಮನಿರಬೇಕು. ಗುಲಾಬಿ ಗೋಡೆಯ ಮುಂದೆ ಹಿಡಿದ ಕೈಗೆ ಗುಲಾಬಿಯೇ ಬಂದು ಕೂರುತ್ತದೆ. ಮೆಚ್ಚಿ ಹಚ್ಚಿಸಿಕೊಂಡ ಕಂದು ಬಣ್ಣ ಮನೆಗೆ ಹೋದಾಗ ಬೇರೆಯದೇ ಆಗಿರುತ್ತದೆ. ದೀಪವೂ ಅಷ್ಟೆ. ಕನ್ನಡಿಯ ಸುತ್ತಲಿನ ನೀಲಿಮಿಶ್ರಿತ ಬಿಳಿ ಬಲ್ಬುಗಳನ್ನು ತೆಗೆದು, ಮೇಜಿನ ಮೇಲೆ 4,000 ಕೆಲ್ವಿನ್ ಆಸುಪಾಸಿನ, ಬಣ್ಣವನ್ನು ಇದ್ದಂತೆ ತೋರುವ ಗುಣದಲ್ಲಿ 90ಕ್ಕಿಂತ ಮೇಲಿನ ಅಂಕವಿರುವ ಒಂದು ದೀಪ ಇಟ್ಟರೆ ಸಾಕು. ಕೋಣೆಯ ಉಳಿದ ಭಾಗ ಅದಕ್ಕಿಂತ ಮಂದವಾಗಿ, ಹಳದಿಯಾಗಿ ಇರಲಿ. ಬಾಟಲಿಗಳನ್ನು ಮುಚ್ಚಿದ ಕಪಾಟಿಗೆ ಸೇರಿಸಿ, ಆರಿಸಲು ಬಣ್ಣದ ಚೂರುಗಳ ಒಂದು ಬಳೆ ಮಾತ್ರ ಹೊರಗೆ. ನೂರು ಬಾಟಲಿ ಒಟ್ಟಿಗೆ ಕಣ್ಣಿಗೆ ಬಿದ್ದರೆ ಬಂದವಳು ತೀರ್ಮಾನಿಸುವುದರಲ್ಲೇ ದಣಿಯುತ್ತಾಳೆ.

ಮೇಜಿಗೆ ದಾಂಡೇಲಿಯ ಸಾಗವಾನಿ. ಈ ಕಾಡಿನ ಸಾಗವಾನಿಗೆ ಬ್ರಿಟಿಷರ ಕಾಲದಿಂದ ಹೆಸರು. ಮೈಯೊಳಗೆ ಎಣ್ಣೆ ಇರುವ ಮರ, ಗೆದ್ದಲಿಗೂ ಮಳೆಗಾಲದ ತೇವಕ್ಕೂ ಜಗ್ಗುವುದಿಲ್ಲ. ಅಗ್ಗದ ಒತ್ತುಹಲಗೆಯ ಮೇಜು ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿಸಿಕೊಳ್ಳುತ್ತದೆ. ಆದರೆ ಮೇಜಿನ ಮೇಲ್ಮೈ ಮರದ್ದಿರಬಾರದು. ಒಂದು ಹನಿ ಅಸಿಟೋನ್ ಬಿದ್ದರೆ ಪಾಲಿಶು ಕಿತ್ತು ಬಿಳಿ ಕಲೆ ಉಳಿಯುತ್ತದೆ. ಅಲ್ಲಿಗೆ ಇಳಕಲ್ಲಿನ ಗ್ರಾನೈಟ್ ಹಲಗೆ ಕೂರಿಸಬೇಕು. ಒರೆಸಿದರೆ ಹೋಗುತ್ತದೆ, ಏನನ್ನೂ ಬೇಗ ಹೀರುವುದಿಲ್ಲ. ಎತ್ತರ 75 ಸೆಂಟಿಮೀಟರ್ ಸುತ್ತಮುತ್ತ.

ಕಲ್ಲು ತಣ್ಣಗಿರುತ್ತದೆ, ಮೊಣಕೈಗೆ ಒತ್ತುತ್ತದೆ. ಅದಕ್ಕೆ ಇಲ್ಲೊಂದು ವಸ್ತು ಕಾದು ಕೂತಿದೆ: ಸಿದ್ದಿಯರ ಕೌದಿ.

ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಹತ್ತಿರದಿಂದ ನೋಡಬೇಕು. ಹರಿದ ಸೀರೆ, ಗಂಡನ ಅಂಗಿ, ಮಕ್ಕಳ ಯೂನಿಫಾರ್ಮು, ಕುಪ್ಪಸದ ತೋಳು, ಎಲ್ಲ ತುಂಡುಗಳಾಗಿ ಒಂದು ಹಳೆಯ ಸೀರೆಯ ಮೇಲೆ ಬಂದು ಕೂರುತ್ತವೆ. ಅಂಚಿನಿಂದ ಹೊಲಿಗೆ ಶುರು, ಸುತ್ತಿ ಸುತ್ತಿ ನಡುವಿನ ಕಡೆಗೆ. ತುಂಡುಗಳನ್ನು ಮೊದಲೇ ಅಳೆದು ಕತ್ತರಿಸಿ ಇಡುವುದಿಲ್ಲ. ಇಲ್ಲೊಂದು ಕೆಂಪು ಬೇಕು ಅನ್ನಿಸಿದಾಗ ಗಂಟಿನಿಂದ ಕೆಂಪು ಬರುತ್ತದೆ. ಬೆರಳು ಆಡಿಸಿದರೆ ಸಾಲು ಸಾಲಾದ ದಪ್ಪ ದಾರದ ಹೊಲಿಗೆಗಳು ಸಣ್ಣ ಏರಿಳಿತಗಳಾಗಿ ತಾಕುತ್ತವೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ, ಒಂದರ ಮೇಲೊಂದು ಇಟ್ಟು ಹೊಲಿದ ‘ಫುಲಾ’. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಆಫ್ರಿಕಾದಿಂದ ಗುಲಾಮರಾಗಿ ಪೋರ್ಚುಗೀಸರ ಗೋವೆಗೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮೊಮ್ಮಕ್ಕಳ ಕೈಕೆಲಸ ಇದು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಯರು ಇದನ್ನು ಹೊಲಿಯುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬೆನ್ನು ಹತ್ತಿ ಬಂದು ದಾಖಲಿಸಿದರು, ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವೂ ಆಯಿತು. ದಾಂಡೇಲಿಯ ಎಷ್ಟು ಮನೆ, ಅಂಗಡಿ, ರೆಸಾರ್ಟುಗಳ ಗೋಡೆಯ ಮೇಲೆ ಅವು ಇವೆ?

ನನ್ನ ಕೋಣೆಯಲ್ಲಿ ಕೌದಿಗೆ ಎರಡು ಕೆಲಸ. ಒಂದು, ಮುಂಗೈ ಇಡಲು ಸುರುಳಿ ಸುತ್ತಿದ ಸಣ್ಣ ಕೌದಿ. ಅದರ ಮೇಲೆ ಪ್ರತಿಯೊಬ್ಬರಿಗೂ ಒಗೆದ ಬೇರೆ ಟವೆಲ್ಲು. ಕೈ ಅದರ ಮೇಲೆ ಇಟ್ಟೊಡನೆ ಮಣಿಕಟ್ಟು ತಾನಾಗಿ ಇಳಿಯುತ್ತದೆ, ಬೆರಳು ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ಕನ್ನಡಿಯ ಎದುರು ಗೋಡೆಗೆ ತೂಗುಹಾಕಿದ ದೊಡ್ಡ ಕೌದಿ. ಬರಿ ಗೋಡೆ, ಕಲ್ಲು, ಗಾಜು ತುಂಬಿದ ಸಣ್ಣ ಕೋಣೆಯಲ್ಲಿ ಉಗುರು ಉಜ್ಜುವ ಯಂತ್ರದ ಸದ್ದು ಹಲ್ಲಿಗೆ ತಾಗುವಂತೆ ಮೊಳಗುತ್ತದೆ. ಪದರಪದರವಾದ ಹಳೆ ಬಟ್ಟೆ ಆ ಸದ್ದನ್ನು ನುಂಗುತ್ತದೆ, ಫೋನಿನಲ್ಲಿ ಹಚ್ಚಿಟ್ಟ ಹಾಡಿನ ಸದ್ದನ್ನೂ. ಸುಣ್ಣದ ಗೋಡೆಗಳ ನಡುವೆ ಗೋಡೆಯ ಬಣ್ಣವೆಲ್ಲ ಅಲ್ಲೊಂದೇ ಕಡೆ. ಹೊಲಿದವಳಿಗೆ ಅವಳು ಕೂತ ದಿನಗಳ ಕೂಲಿ ಲೆಕ್ಕ ಹಾಕಿ ಬೆಲೆ ಕೊಡಬೇಕು; ಹಳೆ ಬಟ್ಟೆಯದ್ದಲ್ಲವೇ ಎಂದು ಚೌಕಾಸಿ ಮಾಡಬಾರದು.

ನೆಲಕ್ಕೆ ಕೆಂಪು ಕಾವಿಯ ಗಾರೆ. ರೆಡ್ ಆಕ್ಸೈಡ್ ಎಂದರೆ ಈಗಿನ ಮೇಸ್ತ್ರಿಗಳಿಗೂ ತಿಳಿಯುತ್ತದೆ, ಚೆನ್ನಾಗಿ ತಿಕ್ಕಿ ಹೊಳಪು ತರಬಲ್ಲವರು ಕಮ್ಮಿಯಾಗಿದ್ದಾರೆ ಅಷ್ಟೆ. ಜೋಡಣೆಯ ಗೆರೆಗಳಿಲ್ಲದ ನೆಲವಾದ್ದರಿಂದ ಉಗುರಿನ ಧೂಳು ಸಂದಿಯಲ್ಲಿ ಕೂರದು, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯಿತು. ಬೇಸಿಗೆಯಲ್ಲಿ ಅಂಗಾಲಿಗೆ ತಂಪು. ಜೋಯಿಡಾದ ಕುಣಬಿ ಮನೆಗಳ ಸಗಣಿ ಸಾರಿಸಿದ ನೆಲ ಇದಕ್ಕಿಂತ ಮೆತ್ತಗೆ, ಇದಕ್ಕಿಂತ ಹಿತ. ನೀರು ಚೆಲ್ಲುವ ಕೋಣೆಗೆ ಅದು ಒಗ್ಗುವುದಿಲ್ಲ ಎಂಬುದೊಂದೇ ತೊಡಕು. ಕಾವಿ ನೆಲವೂ ಒದ್ದೆಯಾದರೆ ಜಾರುತ್ತದೆ. ಕಾಲು ತೊಳೆಯುವ ಮೂಲೆಗೆ ಮಾತ್ರ ಹೊಳಪಿಲ್ಲದ ಶಹಾಬಾದ್ ಕಲ್ಲು ಹಾಸಬೇಕು.

ಆ ಮೂಲೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಿದೆ. ಈಗಿನ ಪಾರ್ಲರುಗಳಲ್ಲಿ ಬಂದವರು ಕುರ್ಚಿಯ ಮೇಲೆ, ಕಾಲು ಪ್ಲಾಸ್ಟಿಕ್ ಟಬ್ಬಿನಲ್ಲಿ, ಕೆಲಸದವಳು ಗೇಣೆತ್ತರದ ಮಣೆಯ ಮೇಲೆ ಬೆನ್ನು ಮುರಿದು ಕೂತಿರುತ್ತಾಳೆ. ಎದುರಿಗೊಬ್ಬಳು ಹಾಗೆ ಕೂತಿರುವಾಗ ಮೇಲೆ ಕೂತವಳಿಗಾದರೂ ನೆಮ್ಮದಿ ಹೇಗೆ ಬಂದೀತು? ನಮ್ಮ ಜಿಲ್ಲೆಯ ಮನೆಗಳಲ್ಲಿ ಇದಕ್ಕೆ ಉತ್ತರ ಹಿಂದಿನಿಂದ ಇದೆ: ಜಗಲಿ. ಗೋಡೆಗೆ ಹೊಂದಿಸಿ ಚಿರೆಕಲ್ಲಿನಲ್ಲಿ ಒಂದೂವರೆ ಅಡಿಯ ಕಟ್ಟೆ ಕಟ್ಟಿ, ಕುರ್ಚಿಯನ್ನು ಅದರ ಮೇಲಿಡಬೇಕು. ಕಾಲು ತೊಳೆಯುವ ಬೋಗುಣಿಯೂ ಆ ಕಟ್ಟೆಯಲ್ಲೇ ಹುದುಗಿದ್ದು, ನೀರು ಕೊಳವೆಯಲ್ಲಿ ಬಂದು ಕೊಳವೆಯಲ್ಲಿ ಹೋಗಲಿ. ಆಗ ಕೆಲಸದವಳು ಸಾಮಾನ್ಯ ಎತ್ತರದ, ಬೆನ್ನಿಗೆ ಆಸರೆಯಿರುವ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕೆಲಸ ಮಾಡಬಹುದು. ಟಬ್ಬು ಹೊತ್ತು ಬಚ್ಚಲಿಗೆ ಓಡುವುದು ತಪ್ಪುತ್ತದೆ. ಕಟ್ಟೆಯ ಒಂದು ತುದಿಯಲ್ಲಿ ಮೆಟ್ಟಿಲು, ಹಿಡಿಯಲು ಸಾಗವಾನಿಯ ಗೂಟ, ವಯಸ್ಸಾದವರಿಗೆ.

ಈ ಕಸುಬಿನ ಇತಿಹಾಸದಲ್ಲೂ ಕೆಲಸದವಳ ಕತೆಯೇ ದೊಡ್ಡದು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದಾಗ ನಿರಾಶ್ರಿತರಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದ ಹೆಂಗಸರು ಸ್ಯಾಕ್ರಮೆಂಟೊ ಬಳಿಯ ಒಂದು ಶಿಬಿರದಲ್ಲಿದ್ದರು. ಅವರನ್ನು ನೋಡಲು ಹೋಗುತ್ತಿದ್ದ ಚಿತ್ರನಟಿ ಟಿಪ್ಪಿ ಹೆಡ್ರೆನ್‌ಳ ಉಗುರುಗಳನ್ನು ಆ ಹೆಂಗಸರು ಮೆಚ್ಚಿ ನೋಡಿದರು. ಆಕೆ ತನ್ನ ಉಗುರಿನ ಕೆಲಸದವಳನ್ನೇ ಕರೆತಂದು 20 ಮಂದಿಗೆ ಕಸುಬು ಕಲಿಸಿದಳು. ಇವತ್ತು ಅಮೆರಿಕದ ಉಗುರು ಸಲೂನುಗಳಲ್ಲಿ ವಿಯೆಟ್ನಾಂ ಮೂಲದವರದೇ ದೊಡ್ಡ ಪಾಲು. ಅದೇ ಕ್ಯಾಲಿಫೋರ್ನಿಯಾದಲ್ಲಿ 2005ರಲ್ಲಿ ಆ ಕೆಲಸಗಾರರ ಆರೋಗ್ಯಕ್ಕಾಗಿ ಒಂದು ಒಕ್ಕೂಟ ಹುಟ್ಟಿತು. ದಿನವಿಡೀ ಆವಿಯಲ್ಲಿ ಕೂತವರ ಉಸಿರಾಟ, ಚರ್ಮ, ಗರ್ಭದ ತೊಂದರೆಗಳನ್ನು ಅದು ಮುಂದಿಟ್ಟಿತು. ಟಾಲ್ವೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥಾಲೇಟ್ ಇಲ್ಲದ ಪಾಲಿಶ್ ಬಳಸಿ ಎಂದಿತು. ಯುರೋಪಿಯನ್ ಒಕ್ಕೂಟದಲ್ಲಿ ಜೆಲ್ ಪಾಲಿಶಿನ ಟಿಪಿಒ ಎಂಬ ರಾಸಾಯನಿಕಕ್ಕೆ 2025ರ ಸೆಪ್ಟೆಂಬರ್ 1ರಿಂದ ನಿಷೇಧ. ನಮ್ಮ ಕಪಾಟಿಗೆ ಬಾಟಲಿ ತರುವಾಗಲೂ ಚೀಟಿ ಓದಿ ತರಬೇಕು. ಬಂದುಹೋಗುವವಳು ತಿಂಗಳಿಗೊಮ್ಮೆ ಒಂದು ಗಂಟೆ ಆ ಗಾಳಿ ಉಸಿರಾಡುತ್ತಾಳೆ, ಕೆಲಸದವಳು ದಿನಕ್ಕೆ ಎಂಟು ಗಂಟೆ.

ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಊಟ, ವಸತಿ ಸಹಿತ ಉಚಿತವಾಗಿ ಬ್ಯೂಟಿ ಪಾರ್ಲರ್ ತರಬೇತಿ ಕೊಡುತ್ತಾರೆ. ಹೀಗೆ ಕಸುಬು ಕಲಿತು ಮನೆಯ ಮುಂದಿನ ಕೋಣೆಯಲ್ಲೋ, ಮಾಳಿಗೆಯ ಮೇಲಿನ ಬಾಡಿಗೆಯ ಕೋಣೆಯಲ್ಲೋ ಅಂಗಡಿ ತೆರೆಯಬೇಕೆಂದಿರುವವಳನ್ನು ನೆನೆದೇ ನಾನು ಇಷ್ಟನ್ನೂ ಬರೆದದ್ದು. ಸಾಗವಾನಿ, ಗ್ರಾನೈಟು, ಕಾವಿ ನೆಲ ಎಲ್ಲ ಒಂದೇ ಸಲಕ್ಕೆ ಅವಳಿಂದ ಆಗದು. ಮುದ್ರಾ ಯೋಜನೆಯ ಶಿಶು ಸಾಲ ಸಿಗುವುದೇ 50,000 ರೂಪಾಯಿಯವರೆಗೆ. ಸಾಲದ ಅರ್ಜಿಗೆ ಲಗತ್ತಿಸುವ ಸಾಮಾನಿನ ಪಟ್ಟಿಯಲ್ಲಿ ಕನ್ನಡಿ, ಕುರ್ಚಿ, ಸ್ಟೀಮರ್ ಮೊದಲು ಬರುತ್ತವೆ. ಅವುಗಳಿಗಿಂತ ಮೇಲೆ, ಒಂದನೆಯ ಸಾಲಿನಲ್ಲಿ, ಮೇಜಿನ ಮಟ್ಟದಲ್ಲಿ ಕೂರಿಸುವ ಎಕ್ಸಾಸ್ಟ್ ಫ್ಯಾನು, ಅದರ ಕೊಳವೆ, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದಾಗಲೂ ಅದು ತಿರುಗುವಂತೆ ಒಂದು ಸಣ್ಣ ಇನ್ವರ್ಟರ್ ಬರೆಯಲಿ. ಎರಡನೆಯ ಸಾಲಿನಲ್ಲಿ ಅವಳು ಕೂರುವ ಬೆನ್ನಾಸರೆಯ ಸ್ಟೂಲು. ಸುಣ್ಣ ಬಳಿಯಲು ಮನೆಯವರೇ ಸಾಕು. ಕೌದಿ ಅವಳ ಅಜ್ಜಿಯ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ನೆರೆಯ ಸಿದ್ದಿ ಹಳ್ಳಿಯಲ್ಲಿ ಹೊಲಿಸಿಕೊಳ್ಳಲಿ, ಮೂಲೆಗೆ ಫುಲಾ ಇಡಲು ಮರೆಯದೆ ಹೇಳಿ.